ಪ್ರಿಂಟರಿನ ಹೊಟ್ಟೆಯ ಸ್ಪಂಜು

ಬಣ್ಣದ ಪ್ರಿಂಟರಿನ ಹೊಟ್ಟೆಯೊಳಗೆ ಒಂದು ಸ್ಪಂಜು ಇರುತ್ತದೆ, ಅಂಗಡಿಯವರು ಪ್ಯಾಡ್ ಎನ್ನುತ್ತಾರೆ. ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡ ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಅದು ತುಂಬಿದ ದಿನವೇ ಗೊತ್ತಾಗುವುದು. ಶಾಯಿ ಬರುವ ಸಣ್ಣ ತೂತುಗಳು ಒಣಗಿ ಕಟ್ಟಿಕೊಳ್ಳಬಾರದೆಂದು ಯಂತ್ರ ಆಗಾಗ ತನ್ನ ಬಾಯಿ ತಾನೇ ಮುಕ್ಕಳಿಸಿ ಉಗುಳುತ್ತದೆ. ಉಗುಳಿದ ಶಾಯಿಯೆಲ್ಲ ಆ ಸ್ಪಂಜಿಗೆ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ಒಳಗೇ ಒಂದು ಕೌಂಟರ್ ಎಣಿಸುತ್ತಿರುತ್ತದೆ. ಅದು ತುಂಬಿತು ಎಂದು ತೋರಿಸಿದ ದಿನ ಯಂತ್ರ ಕೆಲಸ ನಿಲ್ಲಿಸಿ ಕೆಂಪು ದೀಪ ಮಿಟುಕಿಸುತ್ತ ಕೂತುಬಿಡುತ್ತದೆ. ಸ್ಪಂಜು ಬದಲಾಯಿಸಬೇಕು, ಆಮೇಲೆ ಕೌಂಟರನ್ನು ಸೊನ್ನೆಗೆ ತರಬೇಕು. ನಾನು ಎರಡನೆಯದನ್ನು ಮಾತ್ರ ಮಾಡಿದೆ.

ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ದೆಹಲಿಗೆ ಬಂದವನು ನಾನು. ಒಂದು ಸರಕಾರಿ ಕಚೇರಿಯಲ್ಲಿ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುವ ಕೆಲಸ ಸಿಕ್ಕಿತ್ತು. ಮೇಣದ ಹಾಳೆಯ ಮೇಲೆ ಟೈಪು ಮಾಡಿದ ಸುತ್ತೋಲೆಯನ್ನು ಉರುಳೆಗೆ ಸುತ್ತಿ, ಹಿಡಿ ತಿರುಗಿಸಿ ನೂರಾರು ಪ್ರತಿ ತೆಗೆಯುವುದು. ಆ ಯಂತ್ರಗಳು ಮೂಲೆ ಸೇರುವ ತನಕ ನನ್ನ ಉಗುರಿನ ಸಂದಿಯಲ್ಲಿ ಶಾಯಿ ಹೋಗಲಿಲ್ಲ. ಸಂಜೆ ಹೊರಡುವ ಮೊದಲು ಉರುಳೆಯ ಅಡಿಯನ್ನು ಹಳೆ ಬಟ್ಟೆಯಿಂದ ಒರೆಸಿಯೇ ಹೋಗಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕೆಳಗಿನ ಕಾಗದದ ಕಟ್ಟು ಹಾಳು. ಹೊಸದಾಗಿ ಬಂದವರಿಗೆ ನಾನೇ ಹೇಳಿಕೊಡುತ್ತಿದ್ದೆ: ಕೈ ಒರೆಸಿಕೊಂಡರೆ ಶಾಯಿ ಹೋಯಿತು ಅಂದುಕೋಬೇಡಿ, ಬಟ್ಟೆಗೆ ಹೋಯಿತು ಅಷ್ಟೆ. ಇಂಥ ಮಾತು ಹೇಳುತ್ತಿದ್ದವನು ಮಾಡಿದ ಕೆಲಸ ಇದು. ಕಳೆದ ಚಳಿಗಾಲದ್ದು. ಮನೆಯಲ್ಲಿ ಈಗ ಯಾರೂ ಅದರ ಮಾತು ಎತ್ತುವುದಿಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲವೇನೋ.

ನಾವಿರುವುದು ಪೀತಮ್‌ಪುರದಲ್ಲಿ, ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ. ನಾನು, ನನ್ನ ಹೆಂಡತಿ, ಮಗ, ಸೊಸೆ. ಮಗ ಬೆಳಿಗ್ಗೆ ಮೆಟ್ರೋ ಹಿಡಿದು ಗುರುಗ್ರಾಮಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಸೊಸೆ ದೆಹಲಿಯಲ್ಲೇ ಬೆಳೆದ ಹುಡುಗಿ, ಹಿಂದಿಯವಳು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಏನೆಂದು ಕರೆಯಬೇಕು ಎಂದು ಕೇಳಿದ್ದಳು. ನನ್ನ ಹೆಂಡತಿ 'ಮಾವ ಅನ್ನು' ಎಂದಳು. ಬರೀ ಮಾವ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಒಂದು 'ಜೀ' ಸೇರಿಸಿದಳು. ಅಂದಿನಿಂದ ನಾನು 'ಮಾವಾಜಿ'.

ನನ್ನ ಹೆಂಡತಿ ಧಾರವಾಡದವಳು, ಕಸೂತಿ ಬಲ್ಲವಳು. ಸೊಸೆ ಅವಳಿಂದ ಅದನ್ನು ಕಲಿತಳು, ತನ್ನ ಅಜ್ಜಿಯಿಂದ ಅರ್ಧಂಬರ್ಧ ಕಲಿತಿದ್ದ ಪಂಜಾಬಿನ ಹೂವಿನ ಕಸೂತಿ ಫುಲ್ಕಾರಿಯನ್ನೂ ಬೆಳೆಸಿಕೊಂಡಳು. ಇಬ್ಬರಿಗೂ ಇದರ ಮೇಲೆ ಮುಗಿಯದ ಜಗಳ. ಫುಲ್ಕಾರಿಯನ್ನು ಬಟ್ಟೆಯ ಹಿಂಭಾಗದಿಂದ ಹೊಲಿಯುತ್ತಾರೆ, ಹೂವು ಅರಳುವುದು ಮುಂಭಾಗದಲ್ಲಿ. ನಮ್ಮ ಕಸೂತಿಗೆ ಹಿಂದು ಮುಂದು ಎರಡೂ ಒಂದೇ ಥರ ಕಾಣಬೇಕು, ಗಂಟು ಹಾಕುವ ಹಾಗಿಲ್ಲ.

"ನಿಮ್ಮದರಲ್ಲಿ ಹಿಂದುಗಡೆ ಏನು ಬೇಕಾದರೂ ಮುಚ್ಚಿಡಬಹುದು," ಎಂದು ಅತ್ತೆ ಛೇಡಿಸುವಳು.

"ಅತ್ತೆ, ಹಿಂದುಗಡೆಯಿಂದಾನೇ ಹೊಲಿಯೋದು. ಮುಚ್ಚಿಟ್ಟರೆ ಮುಂದೆ ಹೂವೇ ಬರಲ್ಲ," ಎಂದು ಸೊಸೆ ನಗುವಳು.

ಹಳೆಯ ಹೊದಿಕೆಗಳ ಹರಿದ ಕಸೂತಿಯನ್ನು ಸರಿಮಾಡಿಕೊಡುವ ಕೆಲಸ ಅವಳು ಮನೆಯಲ್ಲೇ ಶುರು ಮಾಡಿದಳು. ಬಾಯಿಂದ ಬಾಯಿಗೆ ಹೆಸರು ಹರಡಿತು. ಬಾಲ್ಕನಿಯ ಪಕ್ಕದ ಬೆಳಕಿನ ಮೂಲೆ ಅವಳ ಕಾರ್ಖಾನೆಯಾಯಿತು. ಅಲ್ಲಿ ಒಂದು ಜಾಲರಿಯ ರ್ಯಾಕು. ಮೇಲಿನ ಹಂತದಲ್ಲಿ ಪ್ರಿಂಟರ್, ಕೆಳಗೆ ದಾರ, ಅದಕ್ಕೂ ಕೆಳಗೆ ಬಟ್ಟೆ. ಹರಿಯದೆ ಉಳಿದ ಭಾಗದ ಫೋಟೋ ತೆಗೆದು, ಇದ್ದಷ್ಟೇ ಅಳತೆಗೆ ಬಣ್ಣದಲ್ಲಿ ಪ್ರಿಂಟ್ ಮಾಡಿ ಎದುರಿಗಿಟ್ಟುಕೊಂಡು, ಹರಿದ ಭಾಗವನ್ನು ಅದರಂತೆಯೇ ತುಂಬುವುದು ಅವಳ ಕ್ರಮ. ಹಾಗಾಗಿ ಸೂಜಿ ಎಷ್ಟು ಮುಖ್ಯವೋ ಪ್ರಿಂಟರೂ ಅಷ್ಟೇ ಮುಖ್ಯ.

ಚಳಿಗಾಲ ಶುರುವಾದಾಗ ಎರಡು ಬ್ಲಾಕ್ ಆಚೆಯ ಒಬ್ಬ ವಯಸ್ಸಾದ ಪಂಜಾಬಿ ಹೆಂಗಸು ಒಂದು ಹೊದಿಕೆ ತಂದುಕೊಟ್ಟರು. ಕೈಮಗ್ಗದ ಬಿಳಿ ಬಟ್ಟೆ, ಅದರ ಮೇಲೆ ಕಡುಗೆಂಪು ಮತ್ತು ಕೇಸರಿ ರೇಷ್ಮೆಯ ಹೂವುಗಳು. ಅವರ ತಾಯಿ ಮದುವೆಗೆ ಮುಂಚೆ ತಾನೇ ಕೂತು ಹೊಲಿದದ್ದು. ಒಂದು ಮೂಲೆಯನ್ನು ಇಲಿ ತಿಂದಿತ್ತು. ಅವರ ಮೊಮ್ಮಗಳಿಗೆ ಆ ಚಳಿಗಾಲದಲ್ಲೇ ಮದುವೆ. ಅವರಲ್ಲಿ ಮದುಮಗಳು ಮಂಟಪಕ್ಕೆ ನಡೆದು ಬರುವಾಗ ಅಣ್ಣತಮ್ಮಂದಿರು ನಾಲ್ಕು ಮೂಲೆ ಹಿಡಿದು ತಲೆಯ ಮೇಲೆ ಇಂಥ ಹೊದಿಕೆಯನ್ನು ಚಪ್ಪರದಂತೆ ಎತ್ತಿಹಿಡಿಯುತ್ತಾರೆ. ಆ ಮುದುಕಿಯೂ ಇದೇ ಬಟ್ಟೆಯ ಕೆಳಗೆ ನಡೆದವರು, ಅವರ ಮಗಳೂ. ಈಗ ಮೊಮ್ಮಗಳು ನಡೆಯಬೇಕು.

"ಬೇಟಿ, ಇದನ್ನ ಯಾರ ಕೈಗೂ ಕೊಡೋಕೆ ಮನಸ್ಸಾಗಲಿಲ್ಲ. ನಿನ್ನ ಕೈಗೆ ಕೊಡ್ತಿದೀನಿ," ಎಂದರು ಹಿಂದಿಯಲ್ಲಿ. ಆಮೇಲೆ ನನ್ನ ಕಡೆಗೆ ತಿರುಗಿ, "ಭಾಯಿಸಾಬ್, ನೀವೂ ಒಂದು ಕಣ್ಣಿಟ್ಟಿರಿ. ಇಲಿ ಇಲ್ಲ ತಾನೇ ಮನೆಯಲ್ಲಿ?" ಎಂದರು.

"ಇಲ್ಲ," ಎಂದೆ. ಅದು ನಿಜವಾಗಿತ್ತು.

ಅರ್ಧ ಮೂಲೆ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಪ್ರಿಂಟರ್ ನಿಂತಿತು.

"ಮಾವಾಜಿ, ಇವನು ಕಣ್ಣು ಹೊಡೀತಿದ್ದಾನೆ," ಎಂದು ಸೊಸೆ ಕೂಗಿದಳು. ವಸ್ತುಗಳನ್ನೆಲ್ಲ ಅವನು ಅವಳು ಎನ್ನುವುದು ಅವಳ ಕನ್ನಡ.

"ವಯಸ್ಸಾಯಿತು ಅವನಿಗೆ," ಎಂದಳು ನನ್ನ ಹೆಂಡತಿ ಅಡಿಗೆಮನೆಯಿಂದ. "ಮಾವನ ಜೊತೆ ಬಿಸಿಲಿಗೆ ಕೂರಿಸು, ಇಬ್ಬರೂ ಕಡಲೆಕಾಯಿ ತಿನ್ನಲಿ."

ಹೆಂಡತಿ ತಮಾಷೆಗೇ ಅಂದದ್ದು. ಆದರೆ ನನಗೆ ನಾಟಿತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ನಾನು ಮಾಡಿದ ಕೆಲಸ ಎಂದು ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ಹಾಲು ತರುವುದಿತ್ತು, ಈಗ ಅದೂ ಫೋನಿನಲ್ಲೇ ಬರುತ್ತದೆ. ಸೊಸೆ ಮಗನಿಗೆ ಫೋನ್ ಮಾಡಿದಳು. ಅವನ ದನಿ ನನಗೂ ಕೇಳಿಸಿತು. "ಅಪ್ಪನಿಗೆ ಹೇಳು, ಬಿಚ್ಚೋಕೆ ಹೋಗಬೇಡಿ ಅಂತ. ಶನಿವಾರ ನಾನು ನೋಡ್ತೀನಿ."

ಶನಿವಾರ ಇನ್ನೂ ದೂರವಿತ್ತು. ಮೂಲೆಯ ಉಳಿದ ಭಾಗದ ಪ್ರಿಂಟ್ ತೆಗೆಯದೆ ಸೊಸೆಯ ಸೂಜಿ ಮುಂದೆ ಹೋಗುವಂತಿರಲಿಲ್ಲ. ಅವಳು ದೀಪಗಳನ್ನೇ ನೋಡುತ್ತ ನಿಂತಿದ್ದಳು. ನಾನು ಸ್ವೆಟರ್ ಹಾಕಿಕೊಂಡೆ.

"ಸಂಜೆ ಒಳಗೆ ಇದು ನಡೀತಿರುತ್ತೆ. ನೀನು ದಾರ ತಗೊಂಡು ಬಾ, ಹೋಗು," ಎಂದೆ.

ಅವಳೂ ನನ್ನ ಹೆಂಡತಿಯೂ ಅಂದು ರೇಷ್ಮೆಯ ಬಣ್ಣ ಹೊಂದಿಸಿ ತರಲು ಕರೋಲ್ ಬಾಗ್‌ಗೆ ಹೊರಟಿದ್ದರು. ನಾನು ಪ್ರಿಂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ, ಇ-ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ದೀಪ ನೋಡಿದೊಡನೆ, "ಅಂಕಲ್, ಪ್ಯಾಡ್ ಫುಲ್. ಸ್ಟಾಕ್ ಇಲ್ಲ, ಬಿಟ್ಟುಹೋಗಿ, ಮುಂದಿನ ವಾರ ಬನ್ನಿ," ಎಂದಳು. ಮುಂದಿನ ವಾರದ ತನಕ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ? ಹೊತ್ತುಕೊಂಡು ವಾಪಸು ಬಂದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಸೊಸೆಯ ಲ್ಯಾಪ್‌ಟಾಪ್ ತೆರೆದು ಹುಡುಕಿದೆ. ಒಬ್ಬ ಹುಡುಗ ಹಿಂದಿಯಲ್ಲಿ 'ದೋಸ್ತೋ, ದೋಸ್ತೋ' ಎನ್ನುತ್ತ ತೋರಿಸಿಕೊಡುವ ವೀಡಿಯೊ ಸಿಕ್ಕಿತು. ಅವನು ಹೇಳಿದಂತೆ ಒಂದು ಸಣ್ಣ ಪ್ರೋಗ್ರಾಮ್ ಇಳಿಸಿಕೊಂಡೆ, ಪ್ರಿಂಟರಿಗೆ ತಂತಿ ಸಿಕ್ಕಿಸಿದೆ. ಬೂದು ಬಣ್ಣದ ಪುಟ್ಟ ಕಿಟಕಿ ತೆರೆದುಕೊಂಡಿತು. ಸ್ಪಂಜಿನ ಹೆಸರು, ಪಕ್ಕದಲ್ಲಿ ಶೇಕಡಾ ನೂರು. ಕೆಳಗಿನ ಗುಂಡಿ ಒತ್ತಿದೆ. ಪ್ರಿಂಟರ್ ಆರಿಸಿ ಮತ್ತೆ ಹಚ್ಚು ಎಂದಿತು. ಆರಿಸಿ ಹಚ್ಚಿದೆ. ನೂರು ಇದ್ದ ಜಾಗದಲ್ಲಿ ಸೊನ್ನೆ. ಒಳಗೆ ಏನೋ ಗರಗರ ಓಡಾಡಿತು, ಹಸಿರು ದೀಪ ನಿಂತು ಉರಿಯಿತು.

ಎಷ್ಟೋ ವರ್ಷದ ಮೇಲೆ ಯಂತ್ರವೊಂದು ನನ್ನ ಮಾತು ಕೇಳಿತ್ತು. ನಿಜ ಹೇಳಬೇಕೆಂದರೆ ಒಬ್ಬನೇ ನಕ್ಕೆ.

ವೀಡಿಯೊದ ಹುಡುಗ ಇನ್ನೂ ಮಾತಾಡುತ್ತಲೇ ಇದ್ದ. "ಆದರೆ ದೋಸ್ತೋ, ಇದರಿಂದ ನಂಬರ್ ಮಾತ್ರ ಹೋಗೋದು, ಇಂಕ್ ಒಳಗೇ ಇರುತ್ತೆ, ಪ್ಯಾಡ್ ಬದಲಾಯಿಸದೆ..." ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವನು ಹೇಳುವುದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ನಾಳೆಯೋ ನಾಡಿದ್ದೋ ಸ್ಪಂಜು ತಂದು ಹಾಕಿದರಾಯಿತು ಎಂದುಕೊಂಡೆ.

ಹೆಂಗಸರು ಬಂದಾಗ ಪ್ರಿಂಟರ್ ರ್ಯಾಕಿನ ಮೇಲಿತ್ತು, ತಟ್ಟೆಯಲ್ಲಿ ಪರೀಕ್ಷೆಗೆ ತೆಗೆದ ಬಣ್ಣದ ಹಾಳೆ. ಸೊಸೆ ಚೀಲ ಕೆಳಗಿಡದೆಯೇ ಹೋಗಿ ನೋಡಿದಳು.

"ಮಾವಾಜಿ, ಪ್ಯಾಡ್ ಬದಲಾಯಿಸಿದರಾ?"

"ಹೂಂ," ಎಂದೆ.

ಅಷ್ಟೇ. ಒಂದು ಉಸಿರಿನಷ್ಟು ಮಾತು. ಇನ್ನೂ ಬದಲಾಯಿಸಿಲ್ಲ ಎಂದಿದ್ದರೆ ಏನೂ ಆಗುತ್ತಿರಲಿಲ್ಲ, ಅವಳು ಎರಡು ಪ್ರಿಂಟ್ ತೆಗೆದುಕೊಂಡು ಯಂತ್ರವನ್ನು ಕೆಳಗಿಳಿಸಿ ಇಡುತ್ತಿದ್ದಳು. ಆದರೆ ಅವಳು ಅತ್ತೆಯ ಕಡೆ ತಿರುಗಿ, "ನೋಡಿದಿರಾ ಅತ್ತೆ? ಕಡಲೆಕಾಯಿ ತಿನ್ನಲಿ ಅಂದಿರಲ್ಲ," ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನನ್ನ ಹೆಂಡತಿಯೂ "ಪರವಾಗಿಲ್ಲರೀ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಬಿರುದು. ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ್ದಕ್ಕೆ ನಾನು ಇನ್ನಷ್ಟು ಸೇರಿಸಿದೆ: ಹಳೆಯ ಸ್ಪಂಜು ಹೇಗೆ ಕಪ್ಪಗೆ ನೆನೆದಿತ್ತು, ಅಂಗಡಿಯ ಹುಡುಗಿ ಕೈಗವಸು ಹಾಕಿಕೊಂಡು ಹೇಗೆ ತೆಗೆದಳು. ನೋಡದ ಸ್ಪಂಜನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದೆ.

ಮಾರನೆಯ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಬಾಲ್ಕನಿಯ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿಯುವುದು, ಒಂದು ಪುಟ ಓದುವ ಮೊದಲೇ ಎದ್ದು ಬಂದು ಪ್ರಿಂಟರಿನ ಅಡಿಗೆ ಬೆರಳು ತೂರಿಸಿ ನೋಡುವುದು. ಒಣಗಿರುತ್ತಿತ್ತು. ಹೋಗಿ ಕೂರುವುದು. ಸೊಸೆ ಪ್ರಿಂಟ್ ಕೊಟ್ಟ ಸದ್ದು ಕೇಳಿದರೆ ಮತ್ತೆ ಎದ್ದು ಬರುವುದು. ಯಂತ್ರ ಬಾಯಿ ಮುಕ್ಕಳಿಸುವ ಸದ್ದು ನನಗೆ ಬೇರೆಯಾಗಿ ಗುರುತು ಸಿಗಲು ಶುರುವಾಯಿತು. ಅಡಿಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದರೂ ಅದು ಕೇಳಿಸುತ್ತಿತ್ತು. ಅವಳು ಸ್ನಾನಕ್ಕೆ ಹೋದಾಗ ಲ್ಯಾಪ್‌ಟಾಪ್ ತೆರೆದು ಆ ಬೂದು ಕಿಟಕಿ ನೋಡುತ್ತಿದ್ದೆ. ಎರಡು ಅಂತ ತೋರಿಸುತ್ತಿತ್ತು, ಆಮೇಲೆ ಮೂರು. ಮೊದಲೇ ತುಂಬಿದ್ದರ ಮೇಲೆ ಬಿದ್ದ ಮೂರು ಎಂದು ತಿಳಿದಿದ್ದರೂ ಆ ಸಣ್ಣ ಅಂಕಿ ನೋಡಿದರೆ ಸ್ವಲ್ಪ ಹೊತ್ತು ಸಮಾಧಾನ.

ಹೊಸ ಸ್ಪಂಜು ತರಲಿಲ್ಲ ಎಂದಲ್ಲ. ತಂದೆ. ಮಾರ್ಕೆಟ್ಟಿನ ಬೇರೊಂದು ಅಂಗಡಿಯಲ್ಲಿ ಸಿಕ್ಕಿತು. ಪ್ಲಾಸ್ಟಿಕ್ ಚೀಲದಲ್ಲಿದ್ದ ಅದನ್ನು ಸ್ವೆಟರಿನೊಳಗೆ ಸೇರಿಸಿಕೊಂಡು ಕದ್ದ ಮಾಲಿನಂತೆ ಮನೆಗೆ ತಂದೆ. ಹೀಟರ್ ಹೊರಗೆ ತೆಗೆದಿದ್ದರಿಂದ ಅದರ ಡಬ್ಬ ಖಾಲಿಯಿತ್ತು. ಅದರೊಳಗೆ ಬಚ್ಚಿಟ್ಟೆ. ಬದಲಾಯಿಸಲು ಹಿಂದಿನ ಒಂದು ಸ್ಕ್ರೂ ಬಿಚ್ಚಬೇಕು, ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಆದರೆ ಬದಲಾಯಿಸಿಯಾಗಿದೆ ಎಂದು ಹೇಳಿದ್ದನ್ನು ಎಲ್ಲರೆದುರು ಮತ್ತೆ ಬದಲಾಯಿಸುವುದು ಹೇಗೆ? ಮನೆ ಖಾಲಿಯಾಗಬೇಕು. ಚಳಿಗಾಲದ ದೆಹಲಿಯಲ್ಲಿ ಮನೆ ಎಲ್ಲಿ ಖಾಲಿಯಾಗುತ್ತದೆ? ಹೊರಗೆ ಹೊಗೆ, ಯಾರೂ ಕಾರಣವಿಲ್ಲದೆ ಹೊರಡುವುದಿಲ್ಲ.

ಒಂದು ಭಾನುವಾರ ಕನ್ನಡದವರ ಕಾರ್ಯಕ್ರಮವೊಂದಿತ್ತು. ಮಂಡಿನೋವು ಎಂದು ನಾನು ಹಿಂದೆ ಸರಿದೆ, ನೀವು ಮೂರೂ ಜನ ಹೋಗಿಬನ್ನಿ ಎಂದೆ.

"ಮಂಡಿನೋವಾ? ನಿನ್ನೆ ಎರಡೆರಡು ಸಲ ಮೆಟ್ಟಿಲು ಹತ್ತಿ ಇಳಿದಿರಲ್ಲ," ಎಂದಳು ಹೆಂಡತಿ.

"ಅದಕ್ಕೇ ಬಂದಿದ್ದು."

"ಹಾಗಾದರೆ ನಾನೂ ಹೋಗಲ್ಲ. ಬಿಸಿನೀರಿನ ಚೀಲ ಇಡ್ತೀನಿ," ಎಂದು ಸೀರೆ ಮಡಚಿಟ್ಟಳು. ಇಡೀ ಮಧ್ಯಾಹ್ನ ಸರಿಯಾಗಿದ್ದ ಮಂಡಿಗೆ ಬಿಸಿನೀರು ಕಾಯಿಸಿಕೊಂಡು, ಹೀಟರಿನ ಡಬ್ಬವನ್ನೇ ನೋಡುತ್ತ ಮಲಗಿದ್ದೆ.

ಹೇಳಿಬಿಡೋಣ ಎಂದೂ ಹೊರಟೆ. ಸೊಸೆ ಕಿಟಕಿಯ ಬಳಿ ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು, ಸೂಜಿಯ ತುದಿಯಿಂದ ಎಳೆ ಎಣಿಸುತ್ತಿದ್ದಳು.

"ನೋಡಮ್ಮ, ಆ ಪ್ರಿಂಟರ್ ವಿಷಯ..."

"ಮಾವಾಜಿ, ಏಕ್ ಮಿನಿಟ್. ಎಣಿಕೆ ತಪ್ಪುತ್ತೆ."

ನಾನು ನಿಂತೆ. ಅವಳ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಒಂದು ಎಳೆ ಹೆಚ್ಚು ಕಡಿಮೆಯಾದರೆ ಹೂವು ಓರೆಯಾಗುತ್ತದೆ, ಆಗ ಅಷ್ಟನ್ನೂ ಬಿಚ್ಚುತ್ತಾಳೆ, ಯಾರೂ ನೋಡದಿದ್ದರೂ ಬಿಚ್ಚುತ್ತಾಳೆ. ಅವಳು ತಲೆ ಎತ್ತಿ "ಹಾಂ, ಹೇಳಿ" ಎನ್ನುವ ಹೊತ್ತಿಗೆ ನಾನು ಬಾಲ್ಕನಿಯಲ್ಲಿದ್ದೆ.

ಹೊದಿಕೆಯನ್ನಾದರೂ ಅಲ್ಲಿಂದ ಎತ್ತಿಸೋಣವೆಂದು, ಅದನ್ನು ಬೀರುವಿನಲ್ಲಿಡು, ಧೂಳು ಕೂರುತ್ತದೆ ಎಂದೆ. ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ, ಆಂಟಿ ಬೇಡ ಅಂದಿದ್ದಾರೆ, ಮಲ್ಲುಬಟ್ಟೆಯಲ್ಲಿ ಸುತ್ತಿಟ್ಟಿದ್ದೀನಲ್ಲ ಎಂದಳು. ಕೊನೆಗೆ ನಾನು ಮಾಡಿದ್ದು ಒಂದೇ: ಪೇಪರನ್ನು ಎಂಟು ಮಡಿಕೆ ಮಾಡಿ ಪ್ರಿಂಟರಿನ ಅಡಿ ತೂರಿಸಿದೆ. ದಿನಾ ಅದನ್ನು ಎಳೆದು ನೋಡುತ್ತಿದ್ದೆ. ಒಂದು ಸಂಜೆ ಅದರ ಮೇಲೆ ಸಾಸಿವೆಯಷ್ಟು ನೇರಳೆ ಚುಕ್ಕೆ ಕಂಡಿತು. ಹೊಸ ಪೇಪರ್ ಮಡಚಿಟ್ಟೆ. ಆ ಸಂಜೆಯೇ ಬಾಯಿಬಿಡಬೇಕಿತ್ತು. ಚುಕ್ಕೆ ಇದ್ದ ಪೇಪರನ್ನು ಉಂಡೆ ಕಟ್ಟಿ ಕಸದ ಡಬ್ಬದಲ್ಲಿ ಆಲೂಗೆಡ್ಡೆ ಸಿಪ್ಪೆಯ ಅಡಿಗೆ ತಳ್ಳಿದೆ.

ಅದಾದ ಎರಡು ದಿನಕ್ಕೋ ಏನೋ ನನ್ನ ಹೆಂಡತಿ ರ್ಯಾಕು ಒರೆಸಿದಳು. ನಾನು ಪಾರ್ಕಿಗೆ ಹೋಗಿದ್ದೆ. ಪ್ರಿಂಟರನ್ನು ಒಂದು ಬದಿ ಎತ್ತಿ, "ಇದೇನು ಹೊಲಸು" ಎಂದು ಪೇಪರ್ ತೆಗೆದು ಎಸೆದಿದ್ದಾಳೆ. ಎತ್ತಿ ಓರೆ ಮಾಡಿದಾಗ ಒಳಗೆ ತುಂಬಿ ನಿಂತದ್ದು ಅಂಚಿಗೆ ಬಂದಿರಬೇಕು. ಅವಳ ತಪ್ಪೇನೂ ಇಲ್ಲ. ಹೊಸ ಸ್ಪಂಜು ಇರುವ ಪ್ರಿಂಟರನ್ನು ಯಾರು ಬೇಕಾದರೂ ಎತ್ತಿ ಒರೆಸಬಹುದು.

ಮಾರನೆಯ ಬೆಳಿಗ್ಗೆ ಎಂದಿನಂತೆ ಸೊಸೆ ಹೊದಿಕೆ ಕೈಗೆತ್ತಿಕೊಂಡಳು. ಮೂಲೆ ಹೆಚ್ಚುಕಡಿಮೆ ಮುಗಿದಿತ್ತು, ಅಂಚಿನ ಒಂದು ಸಾಲು ಮಾತ್ರ ಉಳಿದಿತ್ತು. ರಾತ್ರಿಯಿಡೀ ಜಾಲರಿಯ ಸಂದಿಯಿಂದ ತೊಟ್ಟಿಕ್ಕಿ ಮಲ್ಲುಬಟ್ಟೆಯ ಮೇಲೆ ಕಪ್ಪು. ಬಿಚ್ಚಿದಳು. ಒಳಗೆ ಮಡಿಕೆಯಿಂದ ಮಡಿಕೆಗೆ ಇಳಿದಿತ್ತು. ಹರಡಿದಾಗ ನಟ್ಟನಡುವೆ, ಹೂವುಗಳಿಲ್ಲದ ಬಿಳಿ ಜಾಗದಲ್ಲಿ, ಅಂಗೈಯಗಲದ ಕಲೆ. ನಡುವೆ ಕಪ್ಪು, ಅಂಚಿನಲ್ಲಿ ನೇರಳೆ, ಹಳದಿ. ಅದರ ಪಕ್ಕದಲ್ಲಿ ಅದರದೇ ನೆರಳಿನಂತೆ ಸಣ್ಣ ಸಣ್ಣ ಇನ್ನೂ ನಾಲ್ಕಾರು. ಮದುಮಗಳ ತಲೆಯ ಮೇಲೆ ಎತ್ತಿಹಿಡಿದರೆ ಎಲ್ಲಕ್ಕಿಂತ ಮೊದಲು ಕಾಣುವ ಜಾಗ.

ಅವಳು ಅಳಲಿಲ್ಲ. ನೆಲದ ಮೇಲೆ ಕೂತಳು. ಅತ್ತೆ ಓಡಿಬಂದು ಹಾಲು ಹಚ್ಚೋಣ, ನಿಂಬೆಹಣ್ಣು ಹಚ್ಚೋಣ ಎಂದಳು.

"ಉಜ್ಜಬೇಡಿ, ಹರಡುತ್ತೆ," ಎಂದೆ ನಾನು. ಶಾಯಿಯ ವಿಷಯದಲ್ಲಿ ಆ ಹೊತ್ತಿಗೂ ನನ್ನ ಬುದ್ಧಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ತಣ್ಣೀರಿನ ಬಟ್ಟೆ ಒತ್ತಿ ಒತ್ತಿ ತೆಗೆದೆವು. ನೇರಳೆ ತೆಳುವಾಯಿತು. ಕಪ್ಪು ಅಲುಗಲಿಲ್ಲ. ಇನ್ನೂ ನೀರು ತಾಗಿಸಿದರೆ ಕೆಂಪು ರೇಷ್ಮೆಯ ಬಣ್ಣ ಬಿಡುತ್ತದೆಂದು ಸೊಸೆಯೇ ನಿಲ್ಲಿಸಿದಳು. ಸ್ವಲ್ಪ ಹೊತ್ತು ಪ್ರಿಂಟರಿನ ಪಕ್ಕದ ಶಾಯಿಯ ಡಬ್ಬಿಗಳನ್ನೇ ನೋಡುತ್ತಿದ್ದಳು.

"ಮೊನ್ನೆ ನಾನು ಇಂಕ್ ತುಂಬಿದೆ," ಎಂದಳು ನಿಧಾನವಾಗಿ. "ಫೋನ್ ಬಂತು, ಅವಸರದಲ್ಲಿದ್ದೆ. ಆಗ ಚೆಲ್ಲಿರಬೇಕು. ನಾನು ನೋಡಲೇ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು.

"ಸಾರಿ ಮಾವಾಜಿ. ನೀವು ಅಷ್ಟು ಕಷ್ಟಪಟ್ಟು ಹೊತ್ತುಕೊಂಡು ಹೋಗಿ ಸರಿ ಮಾಡಿಸಿದಿರಿ."

ಅವಳು ನನ್ನ ಕ್ಷಮೆ ಕೇಳಿದಳು. ಹೀಟರಿನ ಡಬ್ಬ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಏನು ಮಾಡಿದೆ ಎಂದರೆ, ತಲೆಯಾಡಿಸಿದೆ. ಇರಲಿ ಬಿಡು ಎನ್ನುವಂತೆ. ನಾನು ಬರೆಯಲು ಹೆದರುತ್ತಿದ್ದದ್ದು ಈ ಸಾಲನ್ನೇ. ಸುಳ್ಳು ಹೇಳಿದ್ದಕ್ಕಿಂತ, ಅವಳು ಕೇಳಿದ ಕ್ಷಮೆಯನ್ನು ನಾನು ಕೊಟ್ಟದ್ದು ನನ್ನನ್ನು ಹೆಚ್ಚು ಸುಡುತ್ತದೆ.

ಮಧ್ಯಾಹ್ನ ಅವಳು ಹೊದಿಕೆಯನ್ನು ಚೀಲದಲ್ಲಿಟ್ಟುಕೊಂಡು ಆ ಮುದುಕಿಯ ಮನೆಗೆ ಹೊರಟಳು. ಫೋನಿನಲ್ಲಿ ಹೇಳಬಹುದಿತ್ತು, ಎದುರಿಗೇ ಹೋಗಿ ಹೇಳಬೇಕು ಎಂದಳು. ನಾನೂ ಬರುತ್ತೇನೆ ಎಂದೆ. "ನೀವ್ಯಾಕೆ ಮಾತು ಕೇಳಬೇಕು, ಚಳಿ ಬೇರೆ," ಎಂದಳು. ಆದರೂ ಹೋದೆ. ದಾರಿಯುದ್ದಕ್ಕೂ ಬಾಯಿ ತೆರೆದು ಮುಚ್ಚಿದೆ. ಅವಳು ಹಿಂದಿಯಲ್ಲಿ ತಾನು ಹೇಳಬೇಕಾದ್ದನ್ನು ತನ್ನಷ್ಟಕ್ಕೆ ಜೋಡಿಸಿಕೊಳ್ಳುತ್ತ ನಡೆಯುತ್ತಿದ್ದಳು.

ಮುದುಕಿ ನಮ್ಮನ್ನು ರಜಾಯಿ ಹೊದ್ದೇ ಬರಮಾಡಿಕೊಂಡರು. ಮನೆ ತುಂಬ ಮದುವೆಯ ಸಿಹಿಡಬ್ಬಗಳು. ಸೊಸೆ ಹೊದಿಕೆಯನ್ನು ಮಂಚದ ಮೇಲೆ ಹರಡಿದಳು. ಮೊದಲು ಸೊಸೆ ತುಂಬಿದ ಮೂಲೆಯನ್ನು ಅವರು ಬೆರಳಿಂದ ಸವರಿ ನೋಡಿದರು. ತಾಯಿಯ ಹೊಲಿಗೆ ಎಲ್ಲಿ ಮುಗಿದು ಇವಳದು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಆಮೇಲೆ ಅವರ ಕಣ್ಣು ನಡುವಿಗೆ ಬಂತು.

"ಆಂಟಿ, ಇದು ನನ್ನ ತಪ್ಪು. ಇಂಕ್ ತುಂಬುವಾಗ ನಾನು..." ಎಂದು ಸೊಸೆ ಶುರು ಮಾಡಿದಳು.

"ಅವಳದ್ದಲ್ಲ," ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕಚೇರಿಯ ಹಿಂದಿಯಲ್ಲಿ, ಮೇಲಧಿಕಾರಿಗೆ ವರದಿ ಒಪ್ಪಿಸುವವನಂತೆ, ನಿಂತೇ ಹೇಳಿದೆ. ಸ್ಪಂಜು ತುಂಬಿದ್ದು, ಅಂಗಡಿಯಿಂದ ವಾಪಸು ತಂದದ್ದು, ಸೊನ್ನೆ ಮಾಡಿದ್ದು, ಬದಲಾಯಿಸಿದೆ ಎಂದು ಸುಳ್ಳು ಹೇಳಿದ್ದು, ಚುಕ್ಕೆ ಕಂಡ ಪೇಪರನ್ನು ಕಸಕ್ಕೆ ಹಾಕಿದ್ದು. ಹೇಳುವಾಗ ಮುದುಕಿಯನ್ನು ನೋಡುತ್ತಿದ್ದೆ. ಸೊಸೆಯನ್ನು ನೋಡಲಿಲ್ಲ. ಅವಳ ಕೈ ಮಾತ್ರ ಕಾಣುತ್ತಿತ್ತು, ಹೊದಿಕೆಯ ಅಂಚು ಹಿಡಿದ ಕೈ. ಅದು ಅಲುಗಲಿಲ್ಲ.

ಮುದುಕಿ ಕಲೆಯ ಮೇಲೆ ಬೆರಳಿಟ್ಟರು.

"ಇಬ್ಬರೂ ನನ್ನದು ತಪ್ಪು ನನ್ನದು ತಪ್ಪು ಅಂದರೆ ನಾನು ಯಾರನ್ನ ಬೈಯಲಿ?" ಎಂದರು. "ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬರಬೇಕಿತ್ತು ಭಾಯಿಸಾಬ್. ಈ ಹುಡುಗಿ ನನ್ನ ಬಾಗಿಲಿಗೆ ಬಂದು ತಲೆ ತಗ್ಗಿಸೋ ತನಕ ಕಾದಿರಿ."

ಅವರು ಕಲೆ ಒಳಗೆ ಹೋಗುವಂತೆ ಹೊದಿಕೆಯನ್ನು ಮಡಚಿದರು, ಮಡಚಿದ್ದರ ಮೇಲೆ ಕೈಯಿಟ್ಟರು. ಮೊಮ್ಮಗಳಿಗೆ ಬಾಡಿಗೆಯ ಹೂವಿನ ಚಪ್ಪರ ತರಿಸುತ್ತೇನೆ ಎಂದರು. ಈಗಿನವರಿಗೆ ಅದೇ ಇಷ್ಟ ಎಂದರು. ಚಹಾ ಕುಡಿಯಿರಿ ಎನ್ನಲಿಲ್ಲ. ಬಾಗಿಲ ತನಕ ಬಂದು, ಸೊಸೆಯ ಗಲ್ಲ ಮುಟ್ಟಿ, "ಮೂಲೆ ಚೆನ್ನಾಗಿ ತುಂಬಿದ್ದೀಯ," ಎಂದರು. ಆದರೆ ಮುಂದೆ ಆ ಮನೆಯಿಂದ ಕೆಲಸ ಬರಲಿಲ್ಲ. ಅವರ ಮೂಲಕ ಬರುತ್ತಿದ್ದ ಬೇರೆಯವರೂ ಆ ಚಳಿಗಾಲ ಬರಲಿಲ್ಲ.

ವಾಪಸು ಬರುವಾಗ ಸೊಸೆ ನನಗಿಂತ ಮುಂದೆ ನಡೆದಳು. ಯಾವಾಗಲೂ ರಸ್ತೆ ದಾಟುವಾಗ ನನ್ನ ತೋಳು ಹಿಡಿಯುವವಳು, ಅಂದೂ ಹಿಡಿದಳು. ದಾಟಿದ ಕೂಡಲೇ ಬಿಟ್ಟಳು. ನಮ್ಮ ಮೆಟ್ಟಿಲ ಹತ್ತಿರ ಬಂದಾಗ ನಿಂತು ಕೇಳಿದಳು.

"ಹೊಸ ಪ್ಯಾಡ್ ಎಲ್ಲಿದೆ?"

"ಹೀಟರಿನ ಡಬ್ಬದಲ್ಲಿ."

"ಅಚ್ಛಾ," ಎಂದಳು. ಮೇಲೆ ಹೋದಳು.

ನಾನು ಏದುಸಿರು ಬಿಡುತ್ತ ಮೇಲೆ ತಲುಪುವಷ್ಟರಲ್ಲಿ ಅವಳು ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಪ್ರಿಂಟರನ್ನು ಅದರ ಮೇಲಿಟ್ಟು, ಸ್ಕ್ರೂಡ್ರೈವರ್ ಹುಡುಕುತ್ತಿದ್ದಳು. ನಾನು ಕೈ ಚಾಚಿದೆ. ಕೊಡಲಿಲ್ಲ. "ಟಾರ್ಚ್ ಹಿಡೀರಿ," ಎಂದಳು. ಹಿಡಿದೆ. ಅಡಿಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು.

ಹಳೆಯ ಸ್ಪಂಜು ಹೊರಬಂತು. ನಾನು ಊಟದ ಹೊತ್ತಿನಲ್ಲಿ ವರ್ಣಿಸಿದ್ದಕ್ಕಿಂತ ಹೆಚ್ಚು ಕಪ್ಪಗಿತ್ತು, ಹೆಚ್ಚು ಭಾರವಿತ್ತು. ಬೆಡ್‌ಶೀಟಿನ ಮೇಲೆ ಇಟ್ಟ ಕೂಡಲೇ ಸುತ್ತಲೂ ಶಾಯಿ ಹರಿಯಿತು. ಸೊಸೆ ಅದನ್ನು ಒಂದು ಕ್ಷಣ ನೋಡಿ, ಪಾಲಿಥಿನ್ ಚೀಲಕ್ಕೆ ಹಾಕಿ ಗಂಟು ಹಾಕಿದಳು. ಹೊಸದನ್ನು ಕೂರಿಸಿ ಸ್ಕ್ರೂ ಬಿಗಿದಳು. ಆಮೇಲೆ ಲ್ಯಾಪ್‌ಟಾಪ್ ತೆರೆದು ಅದೇ ಬೂದು ಕಿಟಕಿ ತಂದಳು. ಅದರ ಬಗ್ಗೆ ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಗುಂಡಿ ಒತ್ತುವ ಮೊದಲು ಅಂಕಿ ಎಷ್ಟಿತ್ತೆಂದು ನನಗೆ ತೋರಿಸಿದಳು. ಒಂಬತ್ತು.

ಪ್ರಿಂಟರ್ ಈಗ ರ್ಯಾಕಿನ ತೀರ ಕೆಳಗಿದೆ, ನೆಲಕ್ಕೆ ಹತ್ತಿದಂತೆ. ಅದರ ಕೆಳಗೆ ಏನೂ ಇಡುವುದಿಲ್ಲ. ಬೇಸಗೆಗೆ ಮತ್ತೆ ಒಂದೆರಡು ಕೆಲಸ ಬಂದವು, ಈಗ ಪರವಾಗಿಲ್ಲ. ಮನೆಯಲ್ಲಿ ನನ್ನನ್ನು ಯಾರೂ ಬೇರೆಯಾಗಿ ನಡೆಸಿಕೊಂಡಿಲ್ಲ. ಚಹಾ ಅದೇ ಹೊತ್ತಿಗೆ ಬರುತ್ತದೆ, ಮಾವಾಜಿ ಎಂದೇ ಕರೆಯುತ್ತಾಳೆ.

ಒಂದು ಮಾತ್ರ ಬದಲಾಗಿದೆ. ಗ್ಯಾಸ್ ಆಫ್ ಮಾಡಿದಿರಾ, ಮಾತ್ರೆ ತಗೊಂಡಿರಾ, ಬಾಗಿಲು ಹಾಕಿದಿರಾ ಎಂದು ಅವಳು ದಿನಾ ಕೇಳುತ್ತಾಳೆ. ನಾನು "ಹೂಂ" ಎನ್ನುತ್ತೇನೆ. ಮೊದಲಾದರೆ ಅಷ್ಟಕ್ಕೇ ತಿರುಗಿ ಹೋಗುತ್ತಿದ್ದಳು. ಈಗ ಒಂದು ಕ್ಷಣ ನಿಲ್ಲುತ್ತಾಳೆ. ಏನೂ ಹೇಳುವುದಿಲ್ಲ, ನಿಲ್ಲುತ್ತಾಳೆ ಅಷ್ಟೆ. ನಾನು ಕುರ್ಚಿಯಿಂದ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡಿ ಬರುತ್ತೇನೆ.